ಬೂಟಿನ ಲೇಸು ಪೋಣಿಸುವ, ಬಿಗಿಯುವ, ಕಟ್ಟುವ ಕ್ರಮ: ಓಟದ ನಡುವೆ ಬಿಚ್ಚದಂತೆ, ಪಾದ ನೋಯದಂತೆ

ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೆ ಬೆಳಗಿನ ಜಾವ ಓಡಲು ಬರುವವರಲ್ಲಿ ಅನೇಕರು ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿದ್ದು ಪೊಲೀಸ್ ನೇಮಕಾತಿಗೆ ತಯಾರಿ ನಡೆಸುವ ಹುಡುಗರು. ಕಾನ್‌ಸ್ಟೆಬಲ್ ಹುದ್ದೆಯ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. 400 ಮೀಟರಿನ ಟ್ರ್ಯಾಕಿನಲ್ಲಿ ಇದು ನಾಲ್ಕು ಸುತ್ತು. ಇಂಥವರಿಗೆ ಓಟ ಹೇಳಿಕೊಡುವ ನಾನು ಕಂಡಂತೆ, ಮೂರನೆಯ ಸುತ್ತಿನಲ್ಲಿ ಬಗ್ಗಿ ಲೇಸು ಕಟ್ಟಿಕೊಳ್ಳುವವನಿಗೆ ಕಳೆದುಹೋದ ಲಯ ಮತ್ತೆ ಕೈಗೆ ಸಿಗುವುದು ಕಷ್ಟ.

ಕೇಳಿಬರುವ ದೂರುಗಳು ಎರಡೇ. ಒಂದು, "ಸರ್, ಎಷ್ಟ್ ಬಿಗದ್ರೂ ಬಿಚ್ಚತೈತ್ರಿ" ಎಂಬುದು. ಇನ್ನೊಂದು, ಬಿಗಿದರೆ ಪಾದದ ಮೇಲ್ಭಾಗ ನೋಯುತ್ತದೆ, ಸಡಿಲ ಬಿಟ್ಟರೆ ಹಿಮ್ಮಡಿ ಎದ್ದು ಬರುತ್ತದೆ ಎಂಬುದು. ಎರಡಕ್ಕೂ ಎಲ್ಲರೂ ಹುಡುಕುವ ಮದ್ದು ಒಂದೇ, ಇನ್ನಷ್ಟು ಬಿಗಿಯುವುದು. ಆದರೆ ಲೇಸು ಬಿಚ್ಚಿಕೊಳ್ಳುವುದು ಬಿಗಿ ಸಾಲದೆ ಅಲ್ಲ, ಗಂಟಿನ ಮೊದಲ ಅರ್ಧ ತಪ್ಪು ದಿಕ್ಕಿನಲ್ಲಿ ಬೀಳುವುದರಿಂದ. ಪಾದ ನೋಯುವುದು ಬೂಟಿನ ಇಡೀ ಬಿಗಿ ಮೇಲಿನ ಎರಡು ತೂತುಗಳಲ್ಲೇ ಕೂಡಿಕೊಳ್ಳುವುದರಿಂದ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಅವಸರದಲ್ಲಿರುವವರು 6 ಮತ್ತು 7ನೆಯ ಹಂತಗಳನ್ನಾದರೂ ಬಿಡಬಾರದು.

ಲೇಸು ತೂರುವ ತೂತುಗಳನ್ನು ಈ ಬರಹದಲ್ಲಿ "ಕಣ್ಣು" ಎಂದು ಕರೆದಿದ್ದೇನೆ. ಬೆರಳುಗಳ ಕಡೆಯ ಕಣ್ಣುಗಳು 1ನೆಯ ಜೋಡಿ. ಅಲ್ಲಿಂದ ಮೇಲಕ್ಕೆ 2, 3 ಎಂದು ಎಣಿಸಿಕೊಳ್ಳಬೇಕು. ಎಡ, ಬಲ ಎಂದಲ್ಲೆಲ್ಲ ಬೂಟು ತೊಟ್ಟು ಕೆಳಗೆ ನೋಡುವವರ ಎಡ, ಬಲ ಎಂದು ತಿಳಿಯಬೇಕು.

ಬೇಕಾಗುವ ಸಾಮಾನು

ಬೂಟು, ಅದರೊಂದಿಗೆ ನಿತ್ಯ ಹಾಕುವ ಕಾಲುಚೀಲ, ಅಳತೆಯ ಟೇಪು, ಹಳೆಯ ಹಲ್ಲುಜ್ಜುವ ಬ್ರಷ್ಷು, ಪಾರದರ್ಶಕ ಅಂಟುಪಟ್ಟಿ ಮತ್ತು ಕತ್ತರಿ ಇದ್ದರೆ ಸಾಕು. ಗಂಟು ಕಲಿಯುವ ದಿನಕ್ಕೆ ಮಾತ್ರ ಬೇರೆ ಬೇರೆ ಬಣ್ಣದ ಎರಡು ಹಳೆಯ ಲೇಸುಗಳನ್ನು ಹುಡುಕಿಟ್ಟುಕೊಳ್ಳಿ. ಎರಡು ತುದಿಗಳಿಗೆ ಎರಡು ಬಣ್ಣವಿದ್ದರೆ ಯಾವುದು ಯಾವುದರ ಮೇಲೆ ಹೋಯಿತೆಂದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಕಾಲುಚೀಲವಿಲ್ಲದೆ ಬಿಗಿ ನೋಡಬಾರದು. ತೆಳು ಚೀಲದಲ್ಲಿ ಹೊಂದಿಸಿದ ಬಿಗಿ ದಪ್ಪ ಚೀಲ ಹಾಕಿದ ದಿನ ಕಾಲನ್ನು ಹಿಂಡುತ್ತದೆ.

ಹಂತ 1: ಹಳೆಯ ಲೇಸನ್ನು ಪೂರ್ತಿ ಬಿಚ್ಚಿ ನೋಡುವುದು

ಅರ್ಧ ಬಿಚ್ಚಿ ಮೇಲಿನಿಂದ ಸರಿಪಡಿಸಲು ಹೋಗುವುದೇ ಮೊದಲ ತಪ್ಪು. ಲೇಸನ್ನು ಪೂರ್ತಿ ಹೊರಗೆಳೆದು, ಕಣ್ಣುಗಳ ಒಳಅಂಚಿನ ಮೇಲೆ ಬೆರಳಾಡಿಸಿ. ಲೋಹದ ಉಂಗುರ ಎಲ್ಲಾದರೂ ಎದ್ದಿದ್ದರೆ ಅದು ಲೇಸನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ಯುತ್ತಿರುತ್ತದೆ. ಅಂಥ ಬೂಟಿಗೆ ಹೊಸ ಲೇಸು ಹಾಕಿದರೂ ಅದೇ ಜಾಗದಲ್ಲಿ ಹರಿಯುತ್ತದೆ. ಚಪ್ಪಲಿ ದುರಸ್ತಿ ಮಾಡುವವರ ಹತ್ತಿರ ಕೊಟ್ಟರೆ ಉಂಗುರವನ್ನು ಬಡಿದು ಕೂರಿಸುತ್ತಾರೆ, ಇಲ್ಲವೇ ಬದಲಿಸಿಕೊಡುತ್ತಾರೆ.

ನವಲಗುಂದ, ಅಣ್ಣಿಗೇರಿ, ಗದಗಿನ ಕಡೆಯ ಎರೆ ನೆಲದಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಇನ್ನೊಂದು ತೊಂದರೆಯೂ ಗೊತ್ತಿರುತ್ತದೆ. ಆ ಕರಿ ಮಣ್ಣು ಲೇಸಿನ ನೇಯ್ಗೆಯೊಳಗೆ ಹೊಕ್ಕು ಒಣಗಿದ ಮೇಲೆ ಲೇಸು ಕಡ್ಡಿಯಂತೆ ಬಿರುಸಾಗುತ್ತದೆ, ಬಿರುಸಾದ ಲೇಸಿನಲ್ಲಿ ಗಂಟು ಕಚ್ಚಿ ಕೂರುವುದಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಸಾಬೂನು ಕರಗಿಸಿ, ಲೇಸನ್ನು ಅರ್ಧ ಗಂಟೆ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಬೇಕು. ಹೊಲದ ಬದುವಿನಲ್ಲಿ ಓಡುವವರ ಲೇಸಿಗೆ ಉತ್ತರಾಣಿಯ ಬೀಜಗಳೂ ಅಂಟಿರುತ್ತವೆ. ಅವನ್ನು ಒಂದೊಂದಾಗಿ ಕಿತ್ತ ಮೇಲೆಯೇ ತೊಳೆಯಬೇಕು.

ತುದಿಯ ಪ್ಲಾಸ್ಟಿಕ್ ಕಳಚಿ ನೂಲು ಬಿಚ್ಚಿಕೊಂಡಿದ್ದರೆ, ತುದಿಯನ್ನು ಹೊಸೆದು ಅಂಟುಪಟ್ಟಿಯನ್ನು ಬಿಗಿಯಾಗಿ ಎರಡು ಮೂರು ಸುತ್ತು ಸುತ್ತಿ ಓರೆಯಾಗಿ ಕತ್ತರಿಸಿ. ಬೆಂಕಿಗೆ ಹಿಡಿದು ಕರಗಿಸುವ ಉಪಾಯ ನೈಲಾನ್ ಮತ್ತು ಪಾಲಿಯೆಸ್ಟರ್ ಲೇಸುಗಳಿಗೆ ಮಾತ್ರ ನಡೆಯುತ್ತದೆ. ಹತ್ತಿಯ ಲೇಸು ಕರಗುವುದಿಲ್ಲ, ಉರಿದು ಹೋಗುತ್ತದೆ.

ಹಂತ 2: ಲೇಸಿನ ಉದ್ದ ಮತ್ತು ಬಗೆ

ಅಂಗಡಿಯಲ್ಲಿ ಹೊಸ ಲೇಸು ಕೇಳುವ ಮುನ್ನ ಕಣ್ಣುಗಳ ಜೋಡಿ ಎಣಿಸಿಕೊಳ್ಳಿ. 5 ಜೋಡಿಯಿದ್ದರೆ ಸುಮಾರು 90 ಸೆಂಟಿಮೀಟರ್, 6 ಜೋಡಿಗೆ ಸುಮಾರು 110, 7 ಜೋಡಿಗೆ ಸುಮಾರು 120ರಿಂದ 130 ಸೆಂಟಿಮೀಟರ್ ಬೇಕಾಗುತ್ತದೆ. ಅಗಲ ಪಾದದವರಿಗೆ ಇನ್ನೂ ಒಂದಿಷ್ಟು ಹೆಚ್ಚು ಬೇಕು. ಹಳೆಯ ಲೇಸು ಸರಿಯಾಗಿದ್ದರೆ ಅದನ್ನೇ ಅಳೆದುಕೊಂಡು ಹೋಗುವುದು ಎಲ್ಲಕ್ಕಿಂತ ನಂಬಿಕೆಯ ದಾರಿ.

ಗಂಟು ಹಿಡಿಯುವುದರಲ್ಲಿ ಚಪ್ಪಟೆ ಲೇಸು ಉತ್ತಮ. ನುಣುಪಾದ ದುಂಡು ನೈಲಾನ್ ಲೇಸು ನೋಡಲು ಚೆಂದ, ಆದರೆ ಜಾರುತ್ತದೆ. ಓಟದವರು ಅದನ್ನು ಬಿಡುವುದೇ ಒಳ್ಳೆಯದು. ಹತ್ತಿಯ ಲೇಸು ಚೆನ್ನಾಗಿ ಹಿಡಿಯುತ್ತದೆ, ಆದರೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನೀರು ಕುಡಿದು ಉಬ್ಬಿ, ಬಿಚ್ಚುವಾಗ ಬ್ರಹ್ಮಗಂಟಾಗಿ ಕಾಡುತ್ತದೆ. ಮಳೆಗಾಲಕ್ಕೆ ಒರಟು ನೇಯ್ಗೆಯ ಚಪ್ಪಟೆ ಪಾಲಿಯೆಸ್ಟರ್ ಲೇಸು ನನ್ನ ಆಯ್ಕೆ.

ಹಂತ 3: ಅಡ್ಡಹಾಯುವ ಪೋಣಿಕೆ

ಇದು ಎಲ್ಲ ಪೋಣಿಕೆಗಳ ತಳಹದಿ. ಮುಂದಿನ ಮಾರ್ಪಾಡುಗಳೆಲ್ಲ ಇದರ ಮೇಲೆಯೇ ನಿಲ್ಲುವುದರಿಂದ ಇದನ್ನು ಕಣ್ಣು ಮುಚ್ಚಿ ಮಾಡುವಷ್ಟು ರೂಢಿಸಿಕೊಳ್ಳಬೇಕು.

1. ಲೇಸಿನ ಎರಡೂ ತುದಿಗಳನ್ನು 1ನೆಯ ಜೋಡಿಯ ಕಣ್ಣುಗಳಲ್ಲಿ ಒಳಗಿನಿಂದ ಹೊರಕ್ಕೆ ತೂರಿಸಿ.
2. ಎರಡೂ ತುದಿಗಳನ್ನು ಒಟ್ಟಿಗೆ ಮೇಲಕ್ಕೆ ಹಿಡಿದು ಉದ್ದ ಸಮ ಮಾಡಿಕೊಳ್ಳಿ. ಈಗ ತಪ್ಪಿದರೆ ಕೊನೆಯಲ್ಲಿ ಒಂದು ಕಡೆ ಮೊಳದುದ್ದ, ಇನ್ನೊಂದು ಕಡೆ ಗೇಣುದ್ದ ಉಳಿಯುತ್ತದೆ.
3. ಎಡದ ತುದಿಯನ್ನು ಬಲಕ್ಕೆ ಹಾಯಿಸಿ 2ನೆಯ ಜೋಡಿಯ ಬಲಗಣ್ಣಿನಲ್ಲಿ ಒಳಗಿನಿಂದ ಹೊರಕ್ಕೆ ತನ್ನಿ. ಬಲದ ತುದಿಯನ್ನು ಅದರ ಮೇಲಿಂದ ಹಾಯಿಸಿ ಎಡಗಣ್ಣಿನಲ್ಲಿ ಅದೇ ರೀತಿ ತನ್ನಿ.
4. ಪ್ರತಿ ಜೋಡಿಯಲ್ಲೂ ಒಂದೇ ಕಡೆಯ ತುದಿ ಮೇಲೆ ಬರುವಂತೆ ನೋಡಿಕೊಂಡು ಕೊನೆಯವರೆಗೆ ಮುಂದುವರಿಯಿರಿ.
5. ಚಪ್ಪಟೆ ಲೇಸು ಎಲ್ಲಿಯೂ ತಿರುಚಿಕೊಳ್ಳದಿರಲಿ. ತಿರುಚಿದ ಜಾಗ ಹಗ್ಗದಂತೆ ಗಟ್ಟಿಯಾಗಿ, ಓಡುವಾಗ ನಾಲಿಗೆಯ ಮೂಲಕ ಪಾದಕ್ಕೆ ಒತ್ತುತ್ತದೆ. (ನಾಲಿಗೆಯೆಂದರೆ ಲೇಸಿನ ಕೆಳಗಿರುವ ಮೆತ್ತನೆಯ ಪಟ್ಟಿ.)

ಹಂತ 4: ನೇರ ಪಟ್ಟೆಯ ಪೋಣಿಕೆ

ಕಚೇರಿಯ ಕಪ್ಪು ಬೂಟು ಮತ್ತು ಪರೇಡಿನ ಬೂಟುಗಳಿಗೆ ಇದು ಒಪ್ಪುತ್ತದೆ. ಮೇಲಿನಿಂದ ನೋಡಿದರೆ ಏಣಿಯ ಮೆಟ್ಟಿಲುಗಳಂತೆ ಅಡ್ಡಪಟ್ಟೆಗಳಷ್ಟೇ ಕಾಣುತ್ತವೆ. ಇದನ್ನು ಕಲಿಯುವವರು ಬಹುತೇಕ ಒಂದೇ ಕಡೆ ಎಡವುತ್ತಾರೆ: ಎರಡು ತುದಿಗಳೂ ಒಂದೊಂದು ಜೋಡಿ ಬಿಟ್ಟು ಏರಬೇಕೆಂಬುದನ್ನು ಮರೆಯುತ್ತಾರೆ. ಕೆಳಗಿನ ಕ್ರಮ 6 ಜೋಡಿಯ ಬೂಟಿಗೆ.

1. 1ನೆಯ ಜೋಡಿಯಲ್ಲಿ ತುದಿಗಳನ್ನು ಹೊರಗಿನಿಂದ ಒಳಕ್ಕೆ ತೂರಿಸಿ. ಮೊದಲ ಪಟ್ಟೆ ಮೇಲೆ ಕಾಣುತ್ತದೆ, ತುದಿಗಳೆರಡೂ ಒಳಗಿರುತ್ತವೆ.
2. ಎಡದ ತುದಿಯನ್ನು ಒಳಗಿನಿಂದಲೇ ಏರಿಸಿ 2ನೆಯ ಎಡಗಣ್ಣಿನಲ್ಲಿ ಹೊರತೆಗೆದು, ಅಡ್ಡ ಹಾಯಿಸಿ, 2ನೆಯ ಬಲಗಣ್ಣಿನಲ್ಲಿ ಒಳಕ್ಕೆ ಬಿಡಿ.
3. ಬಲದ ತುದಿಯನ್ನು 2ನೆಯ ಜೋಡಿ ಬಿಟ್ಟು 3ನೆಯ ಬಲಗಣ್ಣಿನಲ್ಲಿ ಹೊರತೆಗೆದು, 3ನೆಯ ಎಡಗಣ್ಣಿನಲ್ಲಿ ಒಳಕ್ಕೆ ಬಿಡಿ.
4. ಈಗ ಬಲಬದಿಯಲ್ಲಿರುವ ಮೊದಲ ತುದಿ 4ನೆಯ ಬಲಗಣ್ಣಿನಲ್ಲಿ ಹೊರಬಂದು 4ನೆಯ ಎಡಗಣ್ಣಿನಲ್ಲಿ ಒಳಹೋಗಬೇಕು. ಎಡಬದಿಯಲ್ಲಿರುವ ಎರಡನೆಯ ತುದಿ 5ನೆಯ ಎಡಗಣ್ಣಿನಲ್ಲಿ ಹೊರಬಂದು 5ನೆಯ ಬಲಗಣ್ಣಿನಲ್ಲಿ ಒಳಹೋಗಬೇಕು.
5. ಕೊನೆಗೆ ಎರಡೂ ತುದಿಗಳು ತಮ್ಮ ತಮ್ಮ ಬದಿಯ 6ನೆಯ ಕಣ್ಣಿನಲ್ಲಿ ಹೊರಬರುತ್ತವೆ. ಅಲ್ಲಿ ಗಂಟು ಹಾಕಿ.

5 ಜೋಡಿಯ ಬೂಟಿನಲ್ಲಿ ಕೊನೆಯ ಹೊತ್ತಿಗೆ ಎರಡೂ ತುದಿಗಳು ಎಡಬದಿಗೇ ಬಂದು ನಿಲ್ಲುತ್ತವೆ. ಆಗ 4ನೆಯ ಎಡಗಣ್ಣಿನಲ್ಲಿ ಒಳಹೋದ ತುದಿಯನ್ನು ಒಳಗಿನಿಂದ ಓರೆಯಾಗಿ ದಾಟಿಸಿ 5ನೆಯ ಬಲಗಣ್ಣಿನಲ್ಲಿ ಹೊರತಂದರೆ ಸರಿಹೋಗುತ್ತದೆ, ಮೇಲಿನಿಂದ ಅದು ಕಾಣುವುದಿಲ್ಲ. ಈ ಪೋಣಿಕೆಯನ್ನು ಓಟದ ಬೂಟಿಗೆ ನಾನು ಹೇಳುವುದಿಲ್ಲ, ಏಕೆಂದರೆ ಜೋಡಿ ಜೋಡಿಯಾಗಿ ಬಿಗಿ ಹೊಂದಿಸುವುದು ಇದರಲ್ಲಿ ನಿಧಾನದ ಕೆಲಸ.

ಹಂತ 5: ಪಾದದ ತೊಂದರೆಗೆ ತಕ್ಕ ಮಾರ್ಪಾಡು

ಅಂದಕ್ಕಾಗಿ ಇಪ್ಪತ್ತು ಬಗೆ ಕಲಿಯುವುದಕ್ಕಿಂತ ತಮ್ಮ ಪಾದಕ್ಕೆ ಬೇಕಾದ ಒಂದನ್ನು ಕಲಿಯುವುದು ಲೇಸು. ಮೊದಲು ಹತ್ತು ನಿಮಿಷ ಓಡಿ, ಬೂಟು ಕಳಚಿ, ಚರ್ಮದ ಮೇಲೆ ಎಲ್ಲಿ ಕೆಂಪಾಗಿದೆ ಎಂದು ನೋಡಿ. ಮಾರ್ಪಾಡು ಅಲ್ಲಿಗೆ ಬೇಕು.

*ಹಿಮ್ಮಡಿ ಎದ್ದು ಬರುತ್ತಿದ್ದರೆ.* ಸ್ಪೋರ್ಟ್ಸ್ ಶೂಗಳಲ್ಲಿ ತೀರ ಮೇಲೆ, ಸಾಲಿನಿಂದ ತುಸು ಹಿಂದಕ್ಕೆ, ಒಂದು ಹೆಚ್ಚಿನ ಕಣ್ಣು ಇರುತ್ತದೆ. ಅನೇಕರು ಅದನ್ನು ಖಾಲಿ ಬಿಟ್ಟಿರುತ್ತಾರೆ. ಅದು ಇರುವುದೇ ಹಿಮ್ಮಡಿಯನ್ನು ಹಿಡಿಯಲಿಕ್ಕೆ.

1. ಅದರ ಕೆಳಗಿನ ಕಣ್ಣಿನವರೆಗೆ ಎಂದಿನಂತೆ ಅಡ್ಡಹಾಯಿಸಿ ಪೋಣಿಸಿ, ತುದಿಗಳನ್ನು ಹೊರಗೆ ತನ್ನಿ.
2. ಎಡದ ತುದಿಯನ್ನು ಎಡದ ಹೆಚ್ಚಿನ ಕಣ್ಣಿಗೇ ಹೊರಗಿನಿಂದ ಒಳಕ್ಕೆ ಬಿಡಿ, ಆದರೆ ಪೂರ್ತಿ ಎಳೆಯಬೇಡಿ. ಎರಡು ಕಣ್ಣುಗಳ ನಡುವೆ ಬೆರಳು ಹೋಗುವಷ್ಟು ಕುಣಿಕೆ ಉಳಿಯಲಿ. ಬಲಕ್ಕೂ ಹೀಗೆಯೇ ಮಾಡಿ.
3. ಒಳಗಿರುವ ತುದಿಗಳನ್ನು ನಾಲಿಗೆಯ ಮೇಲೆ ಅಡ್ಡ ಹಾಯಿಸಿ, ಪ್ರತಿಯೊಂದನ್ನೂ ಎದುರು ಬದಿಯ ಕುಣಿಕೆಯೊಳಗೆ ತೂರಿಸಿ.
4. ಎರಡೂ ತುದಿಗಳನ್ನು ಮೊದಲು ಪಕ್ಕಕ್ಕೆ, ಹಿಮ್ಮಡಿಯ ಕಡೆಗೆ ಕೆಳಮುಖವಾಗಿ ಎಳೆದು ಕುಣಿಕೆಗಳನ್ನು ಬಿಗಿ ಮಾಡಿ. ಆಮೇಲೆ ಮೇಲಕ್ಕೆ ತಂದು ಗಂಟು ಹಾಕಿ.

ನಾಲ್ಕನೆಯ ಹೆಜ್ಜೆಯಲ್ಲಿ ನೇರ ಮೇಲಕ್ಕೆ ಎಳೆದರೆ ಕುಣಿಕೆ ಮಡಚಿಕೊಂಡು ಬಿಗಿ ಹಿಮ್ಮಡಿಗೆ ತಲುಪುವುದಿಲ್ಲ. "ಹಾಕೀನ್ರಿ, ಏನೂ ಫರಕ್ ಆಗ್ಲಿಲ್ಲ" ಎನ್ನುವವರ ಬೂಟು ನೋಡಿದಾಗಲೆಲ್ಲ ನನಗೆ ಕಂಡಿರುವುದು ಈ ತಪ್ಪೇ.

*ಪಾದದ ಮೇಲ್ಭಾಗ ಒತ್ತುತ್ತಿದ್ದರೆ.* ನೋಯುವ ಜಾಗದ ಮೇಲೆ ಲೇಸು ಹಾಯದಂತೆ ಮಾಡಬೇಕು. ನೋವು 3 ಮತ್ತು 4ನೆಯ ಜೋಡಿಯ ನಡುವೆ ಇದೆ ಎಂದುಕೊಳ್ಳಿ. 3ನೆಯ ಜೋಡಿಯವರೆಗೆ ಅಡ್ಡಹಾಯಿಸಿ, ಅಲ್ಲಿಂದ ಎರಡೂ ತುದಿಗಳನ್ನು ತಮ್ಮ ಬದಿಯಲ್ಲಿಯೇ ನೇರವಾಗಿ 4ನೆಯ ಕಣ್ಣಿಗೆ ಏರಿಸಿ, ಮುಂದೆ ಮತ್ತೆ ಅಡ್ಡಹಾಯಿಸಿ. ನಡುವೆ ಕಿಟಕಿಯಂಥ ಖಾಲಿ ಜಾಗ ಉಳಿಯುತ್ತದೆ. ಎತ್ತರದ ಪಾದವುಳ್ಳವರಿಗೆ ಇದೊಂದೇ ಮಾರ್ಪಾಡಿನಿಂದ ಎಷ್ಟೋ ನೆಮ್ಮದಿ ಸಿಗುತ್ತದೆ.

*ಬೆರಳುಗಳ ಬುಡ ಇಕ್ಕಟ್ಟಾಗುತ್ತಿದ್ದರೆ.* ಇದೇ ಕಿಟಕಿಯನ್ನು 1 ಮತ್ತು 2ನೆಯ ಜೋಡಿಯ ನಡುವೆ ಮಾಡಿ. ಅಷ್ಟಕ್ಕೂ ಹೊಂದದಿದ್ದರೆ ಬೂಟೇ ಕಿರಿದು ಎಂದು ತಿಳಿಯಬೇಕು.

*ಹೆಬ್ಬೆರಳಿನ ಉಗುರು ಕಪ್ಪಾಗುತ್ತಿದ್ದರೆ.* ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಇಳಿಜಾರಿನಲ್ಲಿ ಓಡುವವರು ಈ ತೊಂದರೆ ಹೇಳುತ್ತಾರೆ. ಹೆಬ್ಬೆರಳಿನ ಬದಿಯ ಕೆಳಗಣ್ಣಿನಿಂದ ಎದುರು ಬದಿಯ ಮೇಲ್ಗಣ್ಣಿಗೆ ಲೇಸನ್ನು ಓರೆಯಾಗಿ ಎಳೆದು ಬೂಟಿನ ಮೂತಿಯನ್ನು ಎತ್ತಿ ಹಿಡಿಯುವ ಒಂದು ವಿಧಾನವಿದೆ. ನಾನು ಅದನ್ನು ಮೊದಲಿಗೆ ಹೇಳುವುದಿಲ್ಲ. ಇಳಿಯುವಾಗ ಪಾದ ಮುಂದಕ್ಕೆ ಜಾರುವುದರಿಂದಲೇ ಉಗುರು ಬೂಟಿಗೆ ಬಡಿಯುತ್ತದೆ. ಮೊದಲು ಮೇಲೆ ಹೇಳಿದ ಹಿಮ್ಮಡಿಯ ಕುಣಿಕೆ ಹಾಕಿ ನೋಡಿ, ಉಗುರು ಕತ್ತರಿಸಿ, ನಿಂತಾಗ ಬೆರಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿದೆಯೇ ಎಂದು ಪರೀಕ್ಷಿಸಿ. ಜಾಗವಿಲ್ಲದ ಬೂಟನ್ನು ಯಾವ ಪೋಣಿಕೆಯೂ ದೊಡ್ಡದು ಮಾಡುವುದಿಲ್ಲ.

ಹಂತ 6: ಬಿಗಿಯುವುದು

ಹೆಚ್ಚಿನವರು ಪಾದ ಒಳಸೇರಿಸಿ, ಮೇಲಿನ ಎರಡು ತುದಿಗಳನ್ನು ಜಗ್ಗಿ, ಗಂಟು ಬಿಗಿದು ಎದ್ದು ಬಿಡುತ್ತಾರೆ. ಆಗ ಮೇಲಿನ ಜೋಡಿಗಳು ಕತ್ತು ಹಿಸುಕಿದಂತೆ ಕೂರುತ್ತವೆ, ಕೆಳಗಿನವು ಸಡಿಲವೇ ಉಳಿಯುತ್ತವೆ. ಅರ್ಧ ಸುತ್ತು ಓಡುವಷ್ಟರಲ್ಲಿ ಮೇಲಿನ ಬಿಗಿ ಕೆಳಗಿನ ಸಡಿಲಿಗೆ ಹರಿದು ಹೋಗಿ ಇಡೀ ಬೂಟು ಸಡಿಲಾಗುತ್ತದೆ.

1. ಕುಳಿತು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಬೂಟಿನ ಹಿಂಭಾಗಕ್ಕೆ ಒತ್ತಿ ಕೂರಿಸಿ. ಬೆರಳುಗಳು ಮೇಲಕ್ಕೆ, ಹಿಮ್ಮಡಿ ನೆಲದ ಮೇಲೆ ಇರಲಿ.
2. ನಾಲಿಗೆಯನ್ನು ಮೇಲಕ್ಕೆಳೆದು ನಡುವೆ ನಿಲ್ಲಿಸಿ.
3. 1ನೆಯ ಜೋಡಿಯಿಂದ ಆರಂಭಿಸಿ, ಅಡ್ಡಹಾಯುವ ಲೇಸಿಗೆ ಬೆರಳು ಕೊಟ್ಟು ಒಂದೊಂದು ಜೋಡಿಯನ್ನೂ ಸೆಳೆಯುತ್ತ ಮೇಲೆ ಬನ್ನಿ.
4. ಬೆರಳುಗಳ ಬಳಿ ಹಗುರ, ನಡುವೆ ಹದ, ಮೇಲೆ ಗಟ್ಟಿ, ಹೀಗೆ ಬಿಗಿ ಏರುತ್ತ ಹೋಗಬೇಕು.
5. ಗಂಟಿನ ಕೆಳಗೆ ಒಂದು ಬೆರಳು ತುಸು ಪ್ರಯಾಸದಿಂದ ಹೋಗಬೇಕು. ಸಲೀಸಾಗಿ ಎರಡು ಹೋದರೆ ಸಡಿಲ, ಒಂದೂ ಹೋಗದಿದ್ದರೆ ಅತಿ ಬಿಗಿ.

ಹತ್ತು ನಿಮಿಷ ನಡೆದ ಮೇಲೆ ಒಮ್ಮೆ ಬಿಚ್ಚಿ ಪುನಃ ಕಟ್ಟಬೇಕು. ಪಾದ ಕಾವೇರಿ, ಕಾಲುಚೀಲ ಒತ್ತಿಕೊಂಡು, ಲೇಸು ತನ್ನ ಜಾಗಕ್ಕೆ ಕೂತ ನಂತರವೇ ನಿಜವಾದ ಬಿಗಿ ಗೊತ್ತಾಗುವುದು. ದಿನವಿಡೀ ನಿಂತು ಕೆಲಸ ಮಾಡುವವರ ಪಾದ ಸಂಜೆಗೆ ಊದಿಕೊಳ್ಳುವುದರಿಂದ, ಬೆಳಗಿನ ಬಿಗಿಯಲ್ಲೇ ಸಂಜೆಯ ಓಟಕ್ಕೆ ಇಳಿಯಬಾರದು.

ಹಂತ 7: ಗಂಟು

ನವಲಗುಂದದ ಕಡೆಯ ಹುಡುಗನೊಬ್ಬ ದಿನಕ್ಕೆ ಎರಡು ಸಲ ಓಟದ ನಡುವೆ ಕೂತು ಲೇಸು ಕಟ್ಟುತ್ತಿದ್ದ. ಒಮ್ಮೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಕಟ್ಟಿ ತೋರಿಸು ಎಂದೆ. ಕೈ ಚುರುಕಾಗಿತ್ತು, ಬಿಗಿಯೂ ಸಾಕಷ್ಟಿತ್ತು. ಆದರೆ ಕೈ ಬಿಟ್ಟ ಕೂಡಲೇ ಎರಡು ಕುಣಿಕೆಗಳೂ ನಿಧಾನವಾಗಿ ತಿರುಗಿ, ಒಂದು ಬೆರಳುಗಳ ಕಡೆಗೆ, ಇನ್ನೊಂದು ಮೊಣಕಾಲಿನ ಕಡೆಗೆ ಮುಖ ಮಾಡಿ ಮಲಗಿದವು. ಪರೀಕ್ಷೆ ಇಷ್ಟೇ. ಕುಣಿಕೆಗಳು ಬೂಟಿಗೆ ಅಡ್ಡಲಾಗಿ ಎಡಕ್ಕೊಂದು ಬಲಕ್ಕೊಂದು ಮಲಗಿದರೆ ಗಂಟು ಸರಿ, ಬೂಟಿನ ಉದ್ದಕ್ಕೆ ಮಲಗಿದರೆ ತಪ್ಪು.

ಹೂಗಂಟಿನಲ್ಲಿ ಎರಡು ಅರೆಗಂಟುಗಳಿವೆ. ಮೊದಲನೆಯದು ಕುಣಿಕೆಯಿಲ್ಲದ್ದು, ಎರಡನೆಯದು ಕುಣಿಕೆಗಳಿರುವುದು. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಗಂಟು ಓರೆಯಾಗಿ ಕೂತು ಜಾರುತ್ತದೆ. ಎದುರುಬದುರು ತಿರುಗಿದರೆ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಎಂಜಿನಿಯರುಗಳು ಟ್ರೆಡ್‌ಮಿಲ್ ಮೇಲಿನ ಓಟವನ್ನು ಅತಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2017ರಲ್ಲಿ ಪ್ರಕಟಿಸಿದ ಅಧ್ಯಯನ ಓಡುವಾಗ ಲೇಸು ಬಿಚ್ಚಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟಿತು. ಓಡುವ ಪಾದ ನೆಲಕ್ಕೆ ಬಡಿದಾಗ ಗುರುತ್ವದ ಏಳು ಪಟ್ಟು ಹೊಡೆತ ಬಿದ್ದು ಗಂಟು ಹಿಗ್ಗಿ ಸಡಿಲಾಗುತ್ತದೆ, ಕಾಲು ಬೀಸಿದಾಗ ತೂಗಾಡುವ ತುದಿಗಳು ಅದೃಶ್ಯ ಕೈಯಂತೆ ಲೇಸನ್ನು ಜಗ್ಗುತ್ತವೆ. ಎರಡೂ ಕೂಡಿದಾಗ, ಸಡಿಲವಾಗತೊಡಗಿದ ಗಂಟು ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಸರಿಯಾದ ಗಂಟು ಈ ಹೊಡೆತವನ್ನು ತಪ್ಪು ಗಂಟಿಗಿಂತ ಬಹಳ ಹೊತ್ತು ತಾಳುತ್ತದೆ.

ತಿದ್ದುವ ಕ್ರಮ ಹೀಗಿದೆ.

1. ಎಂದಿನಂತೆ ಕಟ್ಟಿ, ಕುಣಿಕೆಗಳು ಮಲಗುವ ದಿಕ್ಕು ನೋಡಿ. ಅಡ್ಡಲಾಗಿದ್ದರೆ ಏನನ್ನೂ ಬದಲಿಸಬೇಡಿ.
2. ಉದ್ದಕ್ಕೆ ಮಲಗಿದರೆ ಪೂರ್ತಿ ಬಿಚ್ಚಿ, ಮೊದಲ ಅರೆಗಂಟನ್ನು ಮಾತ್ರ ತಿರುವುಮುರುವು ಮಾಡಿ. ಎಡದ ತುದಿಯನ್ನು ಬಲದ ಮೇಲೆ ಹಾಕುತ್ತಿದ್ದವರು ಬಲದ ತುದಿಯನ್ನು ಎಡದ ಮೇಲೆ ಹಾಕಬೇಕು.
3. ಎರಡನೆಯ ಅರ್ಧವನ್ನು ಎಂದಿನ ಕೈ ರೂಢಿಯಲ್ಲೇ ಮುಗಿಸಿ. ಎರಡನ್ನೂ ಬದಲಿಸಿದರೆ ಮತ್ತೆ ಅದೇ ತಪ್ಪು ಗಂಟಿಗೆ ಬಂದು ನಿಲ್ಲುತ್ತೀರಿ.
4. ತುದಿಗಳನ್ನಲ್ಲ, ಕುಣಿಕೆಗಳನ್ನು ಪಕ್ಕಕ್ಕೆ ಎಳೆದು ಬಿಗಿ ಮಾಡಿ.

ಬಲವೋ ಎಡವೋ ಎಂದು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕೈಯ ರೂಢಿ ಒಬ್ಬೊಬ್ಬರದು ಒಂದೊಂದು ಬಗೆ. ಆ ಹುಡುಗನಿಗೂ ಮೊದಲ ಅರೆಗಂಟನ್ನಷ್ಟೇ ತಿರುಗಿಸಿಕೊಟ್ಟೆ. ಹಳೆಯ ಅಭ್ಯಾಸ ಬಿಡಲು ಅವನಿಗೆ ಹತ್ತು ಹನ್ನೆರಡು ದಿನ ಹಿಡಿಯಿತು, ಕೈ ತಾನಾಗಿ ಹಳೆಯ ದಾರಿಗೇ ಹೋಗುತ್ತಿತ್ತು. ನೀವೂ ಅಷ್ಟು ದಿನ ತಾಳ್ಮೆಯಿಂದ ಪ್ರತಿ ಸಲ ದಿಕ್ಕು ನೋಡಿ ಕಟ್ಟಬೇಕು.

ಓಟದ ದಿನಕ್ಕೆ ಇನ್ನೂ ಭದ್ರ ಬೇಕೆಂದರೆ ಎರಡು ದಾರಿಗಳಿವೆ. ಒಂದು, ಕುಣಿಕೆಯ ಬುಡಕ್ಕೆ ಲೇಸನ್ನು ಒಂದರ ಬದಲು ಎರಡು ಸುತ್ತು ಸುತ್ತಿ ಕುಣಿಕೆ ಎಳೆಯುವುದು. ಇನ್ನೊಂದು, ಆಸ್ಟ್ರೇಲಿಯಾದ ಇಯಾನ್ ಫೀಗನ್ ಪ್ರಚುರಪಡಿಸಿದ ಭದ್ರಗಂಟು: ಅರೆಗಂಟಿನ ಮೇಲೆ ಎರಡು ಕುಣಿಕೆ ಮಾಡಿ, ಒಂದರ ಮೇಲೊಂದು ಅಡ್ಡ ಹಾಕಿ, ನಡುವಿನ ಒಂದೇ ಸಂದಿಯೊಳಗೆ ಎರಡನ್ನೂ ಎದುರುಬದುರಾಗಿ ತೂರಿಸಿ ಬಿಗಿಯುವುದು. ಎರಡೂ ತುದಿ ಎಳೆದರೆ ಸಲೀಸಾಗಿ ಬಿಚ್ಚುತ್ತವೆ. ಕುಣಿಕೆಗಳನ್ನೇ ಮತ್ತೊಮ್ಮೆ ಗಂಟು ಹಾಕುವ ರೂಢಿ ಶಾಲೆಯ ಮಕ್ಕಳಿಗೆ ಸರಿ. ಓಟಗಾರರಿಗೆ ಅದು ಪಾದದ ಮೇಲೆ ಗಟ್ಟಿ ಉಂಡೆಯಾಗಿ ಒತ್ತುತ್ತದೆ, ಒದ್ದೆಯಾದರೆ ಬಿಚ್ಚಲು ಬರುವುದಿಲ್ಲ.

ಉಳಿದ ಕುಣಿಕೆ, ತುದಿಗಳನ್ನು ಕೆಳಗಿನ ಅಡ್ಡಲೇಸಿನೊಳಗೆ ಸಿಕ್ಕಿಸಿ. ತೂಗಾಡುವುದು ನಿಂತರೆ ಜಗ್ಗುವುದೂ ನಿಲ್ಲುತ್ತದೆ. ಬೈಕಿನಲ್ಲಿ ಬರುವವರಂತೂ ಇದನ್ನು ಮರೆಯಬಾರದು, ಉದ್ದ ಕುಣಿಕೆ ಗೇರಿನ ಪೆಡಲಿಗೆ ಸಿಕ್ಕಿಕೊಂಡರೆ ನಿಲ್ಲಿಸುವ ಹೊತ್ತಿಗೆ ಎಡಗಾಲು ನೆಲಕ್ಕೆ ಬರುವುದಿಲ್ಲ.

ಎಚ್ಚರಿಕೆಯ ಗುರುತುಗಳು

ಬೆರಳುಗಳಿಗೆ ಜೋಮು ಹಿಡಿದರೆ, ಕಾಲುಚೀಲ ತೆಗೆದಾಗ ಲೇಸಿನ ಗೆರೆಗಳು ಚರ್ಮದ ಮೇಲೆ ಬಹಳ ಹೊತ್ತು ಉಳಿದರೆ, ಬಿಗಿ ಹೆಚ್ಚಾಗಿದೆ. ಓಟ ನಿಲ್ಲಿಸಿ ಸಡಿಲಿಸಬೇಕು. ಸಡಿಲಿಸಿದರೂ ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ನೋವನ್ನು ನಂಬಿ ಕೂರದೆ, ಪ್ರತಿ ಸಲ ಬೂಟು ಕಳಚಿದಾಗ ಪಾದವನ್ನು ಕಣ್ಣಿನಿಂದಲೇ ನೋಡಬೇಕು.

ಹಿಮ್ಮಡಿಯಲ್ಲಿ ನೀರುಗುಳ್ಳೆ ಬಂದರೆ ಪಾದ ಒಳಗೆ ಜಾರುತ್ತಿದೆ ಎಂದರ್ಥ. ನಾಲಿಗೆ ಪದೇ ಪದೇ ಹೊರಬದಿಗೆ ಸರಿದರೆ ಎರಡು ಬದಿಯ ಬಿಗಿ ಸಮವಿಲ್ಲ. ಕಣ್ಣುಗಳ ಎರಡು ಸಾಲುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದರೆ ಬೂಟು ನಿಮ್ಮ ಪಾದಕ್ಕೆ ಅಗಲವಾಗಿದೆ. ಲೇಸು ಒಂದೇ ಜಾಗದಲ್ಲಿ ನಾರು ಬಿಡತೊಡಗಿದರೆ ಹರಿಯುವವರೆಗೆ ಕಾಯದೆ ಬದಲಿಸಬೇಕು. ಪರೀಕ್ಷೆಗೆ ಒಂದು ವಾರ ಇರುವಾಗಲೇ ಬದಲಿಸಿದರೆ ಹೊಸ ಲೇಸು ಬಳಕೆಯಲ್ಲಿ ಪಳಗಿರುತ್ತದೆ.

ಪರೀಕ್ಷೆಯ ಬೆಳಿಗ್ಗೆ ಮನೆಯಲ್ಲಿ ಒಮ್ಮೆ ಕಟ್ಟಿ, ಮೈದಾನದಲ್ಲಿ ಮೈ ಬೆಚ್ಚಗಾಗಲು ಒಂದು ಸುತ್ತು ನಿಧಾನವಾಗಿ ಓಡಿ, ಪೂರ್ತಿ ಬಿಚ್ಚಿ, 1ನೆಯ ಜೋಡಿಯಿಂದ ಪುನಃ ಬಿಗಿದು, ಕುಣಿಕೆಗಳು ಅಡ್ಡಲಾಗಿ ಮಲಗಿವೆಯೇ ಎಂದು ಎರಡೂ ಬೂಟುಗಳನ್ನು ನೋಡಿ, ತುದಿಗಳನ್ನು ಸಿಕ್ಕಿಸಿ. ಅನಂತರ ಸಾಲಿನಲ್ಲಿ ನಿಲ್ಲುವವರೆಗೆ ಲೇಸನ್ನು ಮತ್ತೆ ಮುಟ್ಟಬೇಡಿ.